ವಂಗ್ಸರೆಜ ವೊಂಗ್ಸೊರೆಜೊ ಆದದ್ದು

ಜಾವಾದ ಸೆರಾಯು ನದಿಯ ದೋಣಿಗಟ್ಟೆಯ ಪಕ್ಕದಲ್ಲಿ ಮೆಂದೊವಾನ್ ಕರಿದು ಮಾರುತ್ತಿದ್ದ ವಂಗ್ಸರೆಜನ ಬಾಯಿ ಸೋಲೊ ಪಟ್ಟಣಕ್ಕೆ ಹೋಗಿ ಬರುವ ತನಕ ಸರಿಯಾಗಿಯೇ ಇತ್ತು. ಅದೇ ಬಾಯಿಂದ ಅವನು ಉಣ್ಣುತ್ತಿದ್ದ, ಗಿರಾಕಿಗಳನ್ನು ಕೂಗುತ್ತಿದ್ದ, ಕೂಗಿದರೂ ಬಾರದವರನ್ನು ಬೈಯುತ್ತಿದ್ದ. ಹುದುಗಿಸಿದ ಸೋಯಾ ಕಾಳಿನ ತೆಂಪೆಯ ತೆಳು ಹಾಳೆಗೆ ಹಿಟ್ಟು ಹಚ್ಚಿ ಅರೆಬೆಂದಾಗಲೇ ಎಣ್ಣೆಯಿಂದ ಎತ್ತಿ, ಪಕ್ಕದಲ್ಲಿ ಹಸಿಮೆಣಸಿನಕಾಯಿ ಇಟ್ಟು ಕೊಡುತ್ತಿದ್ದ ಅವನ ಮೆಂದೊವಾನಿನ ಬಗ್ಗೆ ಆಗಾಗ ದೂರು ಬರುತ್ತಿತ್ತು. ಬಾಯಿಯ ಬಗ್ಗೆ ಮಾತ್ರ ಒಬ್ಬರೂ ದೂರಿರಲಿಲ್ಲ.

ಸೆರಾಯು ದಡದ ಬಾನ್ಯುಮಾಸ್ ಸೀಮೆಯವರು ‘ಅ’ ಎಂದು ಬಾಯಿ ತೆರೆಯುವ ಕಡೆ ಸೋಲೊದವರು ‘ಒ’ ಎಂದು ತುಟಿ ಕೂಡಿಸುತ್ತಾರೆ. ಮಾತು ಒಂದೇ, ಅರ್ಥವೂ ಒಂದೇ. ಹಳೆಯ ಅಕ್ಷರದಲ್ಲಿ ಬರೆದರೆ ಬರಹವೂ ಒಂದೇ. ಇಲ್ಲಿಯ ನಯ ಅಲ್ಲಿ ನೊಯೊ ಆಗುತ್ತಾನೆ, ಇಲ್ಲಿಯ ಕರ್ತ ಅಲ್ಲಿ ಕರ್ತೊ. ಯಾಕೆ ಹೀಗೆ ಎಂದು ಕೇಳಿದರೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಇಬ್ಬರು ಹೇಳಿದ್ದು ಎಂದೂ ಒಂದೇ ಆಗಿದ್ದಿಲ್ಲ. ಅರಮನೆ ಇರುವುದು ಸೋಲೊದಲ್ಲಿ. ಆದ್ದರಿಂದ ಅವರ ‘ಒ’ ದೊಡ್ಡವರ ಮಾತು ಎನಿಸಿಕೊಂಡಿತು, ನಮ್ಮ ‘ಅ’ ನಾಟಕದಲ್ಲಿ ವಿದೂಷಕನ ಪಾಲಿಗೆ ಬಂತು. ಬಾನ್ಯುಮಾಸಿನವರು ಅದಕ್ಕೆ ಬೇಸರಪಟ್ಟುಕೊಂಡದ್ದಿಲ್ಲ. ವಿದೂಷಕ ಬಂದಾಗ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ವಂಗ್ಸರೆಜನೂ ಹಾಗೆಯೇ ನಗುತ್ತಿದ್ದವನು. ಆದರೆ ಅವನ ಒಬ್ಬಳೇ ಮಗಳು ತುರ್ಸಿನಿಯನ್ನು ಸೋಲೊದ ಹುಡುಗ ಸುಗೆಂಗ್ ಒಪ್ಪಿದ. ಸುಗೆಂಗ್ ಪಕ್ಕದ ಪೇಟೆಯ ಶಾಲೆಯಲ್ಲಿ ಮೇಷ್ಟರು. ಅವನ ತಂದೆ ಹರ್ಜೊಪ್ರನೊತೊ ರೈಲ್ವೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ ಎದುರಿಗಿದ್ದವರು ಉಸಿರು ಹಿಡಿದು ಕೇಳಬೇಕು. ಅವರು ಬಂದು ಹೆಣ್ಣು ಕೇಳಿ ಹೋದ ಮೇಲೆ ಮರುಭೇಟಿಗೆ ವಂಗ್ಸರೆಜ ಸೋಲೊಗೆ ಹೋದ. ಅಲ್ಲಿ ಚಹಾ ಕೊಟ್ಟರು. ಅವನು ಕುಡಿದು, “ಚಹಾ ಬೋ ಪಸಂದಾಗೈತೆ” ಎಂದ. ಒಳಗಿನ ಪರದೆಯ ಹಿಂದೆ ಹೆಂಗಸರು ಸೆರಗು ಕಚ್ಚಿಕೊಂಡು ಕಿಸಕ್ಕೆಂದರು. ಅವನಿಗೆ ಕೇಳಿಸಿತು.

ಮದುವೆಯ ದಿನ ಹೆಣ್ಣಿನ ತಂದೆ ಎದ್ದು ನಿಂತು ಬೀಗರನ್ನು ಬರಮಾಡಿಕೊಳ್ಳುವ ನಾಲ್ಕು ಮಾತು ಆಡಲೇಬೇಕು. ಆಗಲೂ ಇದೇ ಕಿಸಕ್ಕು ಎದ್ದರೆ? ತನ್ನ ಮಗಳು ಆ ಮನೆಯಲ್ಲಿ ಆ ಕಿಸಕ್ಕಿನ ಕೆಳಗೇ ಜನ್ಮ ಕಳೆಯಬೇಕಾಗುತ್ತದಲ್ಲ ಎಂದುಕೊಂಡು ಅವನು ಚಹಾದ ಲೋಟ ಕೆಳಗಿಟ್ಟ. ಅಷ್ಟರಲ್ಲಿ ಹರ್ಜೊಪ್ರನೊತೊ ಅಕ್ಕಪಕ್ಕದವರಿಗೆ, “ಇವರು ನಮ್ಮ ಬೀಗರು, ವೊಂಗ್ಸೊರೆಜೊ ಅವರು” ಎಂದು ಪರಿಚಯ ಹೇಳಿದರು. ವಂಗ್ಸರೆಜ ಯಾರಪ್ಪಾ ಇದು ಎಂದು ಹಿಂದಕ್ಕೆ ತಿರುಗಿ ನೋಡಿದ. ಅಲ್ಲಿ ಗೋಡೆ ಇತ್ತು. ಆಮೇಲೆ ಅದು ತಾನೇ ಎಂದು ಹೊಳೆದು ಮೈ ಝುಂ ಎಂದಿತು. ಅದೇ ಹಳೆಯ ಹೆಸರಿಗೆ ಯಾರೋ ಗಂಜಿ ಹಾಕಿ ಇಸ್ತ್ರಿ ಮಾಡಿದ ರುಮಾಲು ಸುತ್ತಿದಂತಿತ್ತು. ವಾಪಸು ಬರುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಉಂಡೆ ಮಾಡಿಕೊಂಡು ‘ವೊಂಗ್ಸೊರೆಜೊ, ವೊಂಗ್ಸೊರೆಜೊ’ ಎಂದು ಅಭ್ಯಾಸ ಮಾಡಿದ. ಎದುರಿನ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು.

ಮನೆಗೆ ಬಂದಾಗ ಹೆಂಡತಿ ದಲಿಯಾ ಬಾಣಲೆಯ ಮುಂದೆ ಕೂತಿದ್ದಳು.

“ಬಂದ್ಯಾ, ಸಿನಿ ಅಪ್ಪಾ? ಬೀಗ್ರು ಹೆಂಗವ್ರೆ?”

“ಚೆನ್ನಾಗಿದಾರೆ,” ಎಂದ ಅವನು, ಬೆಕ್ಕಿನ ಮರಿಗೆ ಕೇಳಿಸುವಷ್ಟು ದನಿಯಲ್ಲಿ. “ಇನ್ಮೇಲೆ ನನ್ನ ಹೆಸರು ವೊಂಗ್ಸೊರೆಜೊ. ಊರಲ್ಲೂ ಎಲ್ಲರೂ ಹಂಗೇ ಅನ್ನಬೇಕು.”

ದಲಿಯಾಳ ಕೈಯ ಜಾಲರಿ ಎಣ್ಣೆಯ ಮೇಲೆ ನಿಂತುಬಿಟ್ಟಿತು.

ಅವಳು ಹೆದರಿದ್ದು ಸುಮ್ಮಸುಮ್ಮನೆ ಅಲ್ಲ. ಜಾವಾದಲ್ಲಿ ಮಧ್ಯವಯಸ್ಸು ದಾಟಿದ ಮನುಷ್ಯ ಹೆಸರು ಬದಲಾಯಿಸಿದನೆಂದರೆ ಅದಕ್ಕೆ ಕಾರಣ ಒಂದೇ: ಹಳೆಯ ಹೆಸರು ಭಾರವಾಗಿದೆ. ಹೊರಲಾರದ ಹೆಸರು ಹೊತ್ತವನಿಗೆ ಕಾಯಿಲೆ ಹತ್ತುತ್ತದೆ, ಹತ್ತಿದ್ದು ಇಳಿಯುವುದಿಲ್ಲ. ಆಗ ಹಗುರವಾದ ಇನ್ನೊಂದು ಹೆಸರು ಇಡುತ್ತಾರೆ. ಇಡುವಾಗ ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ ಕಾಯಿಸಿ, ನೆರೆಹೊರೆಯವರನ್ನು ಚಾಪೆಯ ಮೇಲೆ ಕೂರಿಸಿ, ಕಾಯಿಮನಿಂದ ಪ್ರಾರ್ಥನೆ ಹೇಳಿಸುತ್ತಾರೆ. ಊರಿನ ಮದುವೆ, ಮಣ್ಣು, ಪ್ರಾರ್ಥನೆ ಎಲ್ಲಕ್ಕೂ ಕಾಯಿಮನೇ ಬೇಕು. ಗಂಜಿ ಕಾಯಿಸದೆ ಹೆಸರು ಬದಲಾಯಿಸುವವನು ಕಾಯಿಲೆ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಅದನ್ನು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ರೋಗಿಯ ಎದುರಿಗೆ ರೋಗದ ಹೆಸರೆತ್ತಿದರೆ ಅದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ.

ಆದ್ದರಿಂದ ದಲಿಯಾ ಕೇಳಲಿಲ್ಲ, ಅನ್ನ ಬಡಿಸಿದಳು. ಸೋಲೊದ ದೊಡ್ಡವರು ತಟ್ಟೆಯಲ್ಲಿ ಅರ್ಧ ಬಿಡುವುದನ್ನು ನೋಡಿ ಬಂದಿದ್ದ ವಂಗ್ಸರೆಜ ತಾನೂ ಅರ್ಧ ಬಿಟ್ಟ. ಬಾಳೆಲೆ ತೂತಾಗುವ ಹಾಗೆ ಬಳಿದು ತಿನ್ನುತ್ತಿದ್ದ ಗಂಡ ಅರ್ಧ ಬಿಟ್ಟ ತಟ್ಟೆಯನ್ನು ಅವಳು ಹಿತ್ತಿಲಿಗೆ ಒಯ್ದು, ಅದರ ಮೇಲೆ ಅತ್ತು, ಕೋಳಿಗಳಿಗೆ ಸುರಿದಳು.

ಮರುದಿನ ಬೆಳಿಗ್ಗೆ ವಂಗ್ಸರೆಜ ಆಚೆ ದಡದ ಸಂತೆಗೆ ಹೋಗಲು ದೋಣಿಗಟ್ಟೆಗೆ ಬಂದ. ದೋಣಿಯೂ ದೋಣಿಯ ನಯನೂ ಆಚೆ ದಡದಲ್ಲಿದ್ದರು. ಬಾಯಿಗೆ ಎರಡು ಕೈ ಹಿಡಿದು “ನೊಯೊ!” ಎಂದು ಕರೆದ. ‘ಒ’ ಎಂಬುದು ಹೆಚ್ಚು ದೂರ ಹೋಗುವ ಸ್ವರವಲ್ಲ, ಸೋಲೊದ ಮರ್ಯಾದೆ ಬೆರೆಸಿದರಂತೂ ಗಲ್ಲ ದಾಟುವುದಿಲ್ಲ. ನಯನಿಗೆ ಆ ಕಡೆಯಿಂದ ಕಂಡದ್ದು, ದಡದಲ್ಲಿ ನಿಂತು ಮೀನಿನಂತೆ ಬಾಯಿ ಆಡಿಸುತ್ತಿರುವ ವಂಗ್ಸರೆಜ. ಅವನು ಗಾಬರಿಯಾಗಿ ಹುಟ್ಟು ಹಾಕಿಕೊಂಡು ಬಂದ. ದೋಣಿಯಲ್ಲಿ ಬೇರಿನ ಕಷಾಯ ಮಾರುವ ರಸೆಮಕ್ಕನೂ ಬುಟ್ಟಿ ಸಮೇತ ಇದ್ದಳು.

“ಯಾಕಣ್ಣಾ, ದನೀನೇ ಹೊರಡ್ತಿಲ್ವಲ್ಲ?”

“ಹೊರಡ್ತದೆ ನೊಯೊ. ಮೆಲ್ಲಗೆ ಮಾತಾಡ್ತಾ ಇದೀನಿ.”

“ನೊಯೊ ಯಾರಣ್ಣಾ?”

“ನೀನೇ.”

ನಯ ಹುಟ್ಟು ಕೆಳಗಿಟ್ಟ. “ನಂಗೇನೂ ಕಾಯ್ಲೆ ಇಲ್ಲ ಕಣಣ್ಣಾ,” ಎಂದ ಹೆದರಿ. “ನನ್ ಹೆಸ್ರು ಹಗೂರಾಗೇ ಐತೆ. ದಿನಾ ಹೊತ್ಕಂಡೇ ದೋಣಿ ನಡುಸ್ತಿಲ್ವಾ?”

“ಕಾಯಿಲೆ ಮಾತು ಯಾರೆತ್ತಿದರು? ಸೋಲೊದಲ್ಲಿ ಎಲ್ಲರೂ ಹಿಂಗೇ ಅನ್ನೋದು. ಬಾಯಿ ಜಾಸ್ತಿ ತೆರೆಯಬಾರದು, ಅದು ಮರ್ಯಾದೆ.”

“ಅಲ್ಲಿ ದೊಡ್ಡೋರಿಗೆ ದೋಣಿ ಕರೆಯಾಕೂ ಆಳಿರ್ತಾರೆ. ಅದ್ಕೇ ಬಾಯಿ ಸಣ್ಣ ಮಾಡ್ಕಂಡವ್ರೆ,” ಎಂದ ನಯ. “ನಮ್ಗ್ಯಾರವ್ರೆ? ನಾವೇ ಕೂಗ್ಬೇಕು. ‘ಅ’ ಅಂದ್ರೆ ಆ ದಡ ಮುಟ್ತದೆ. ‘ಒ’ ಅಂದ್ರೆ ನಡು ನೀರ್ಗೆ ಬೀಳ್ತದೆ. ಇಷ್ಟೇ ಯವಾರ.”

“ಅದಲ್ಲ ಬುಡೋ,” ಎಂದಳು ರಸೆಮಕ್ಕ. “ಅವ್ರು ಎಲೆ ಅಡಿಕೆ ತಿಂದೂ ತಿಂದೂ ಹಲ್ಲು ಕಪ್ಪಾಗವೆ. ಕಾಣ್ಬಾರ್ದು ಅಂತ ತುಟಿ ಮುಚ್ಕಂಡು ಮಾತಾಡಿ ಅದೇ ಪಾಠ ಆಗೋಗದೆ.” ಹೀಗೆ ಹೇಳುತ್ತಲೇ ಅವಳು ವಂಗ್ಸರೆಜನ ಉಂಡೆಯಾದ ತುಟಿಯನ್ನು ಓರೆಗಣ್ಣಿನಿಂದ ಪರೀಕ್ಷೆ ಮಾಡಿ, ಒಳಗೆ ಹುಣ್ಣಾಗಿದೆ ಎಂದು ತೀರ್ಮಾನಿಸಿದಳು. ಇಳಿಯುವಾಗ ಒಂದು ಬಾಟಲಿ ಕಷಾಯ ಅವನ ಕೈಗಿಟ್ಟಳು. “ಕುಡಿಯಣ್ಣಾ. ಕಾಸು ಬ್ಯಾಡ.”

ರಸೆಮಕ್ಕ ಕಾಸು ಬೇಡ ಎಂದದ್ದನ್ನು ಆ ದಡದಲ್ಲಾಗಲಿ ಈ ದಡದಲ್ಲಾಗಲಿ ಅದುವರೆಗೆ ಕೇಳಿದವರಿರಲಿಲ್ಲ. ಸಂತೆಯಲ್ಲಿ ಅವಳು ಹೇಳಿದಳು: “ಸೋಲೊದಾಗೆ ಎಲ್ಲಾ ಹಿಂಗೇ ಮಾತಾಡದು ಅಂತದೆ ಪಾಪ. ರೋಗದೋನು ಏನ್ ತಾನೆ ಹೇಳಾಕಿಲ್ಲ! ಸೋಲೊಗೆ ಓಗಿದ್ದು ಬೀಗ್ರ ಮನೇಗಲ್ಲ, ದೊಡ್ಡಾಸ್ಪತ್ರೆಗೆ.” ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ವಂಗ್ಸರೆಜನಿಗಾಗಿ ಮರುಗಿತು.

ಆಮೇಲೆ ನಡೆದದ್ದು ವಂಗ್ಸರೆಜನ ಬಾಳಿನ ಅತ್ಯಂತ ಸುಖದ ದಿನಗಳು. ಅಂಗಡಿಗೆ ಬಂದವರು ಚೌಕಾಸಿ ಬಿಟ್ಟರು. ಹಸಿಬಿಸಿ ಮೆಂದೊವಾನನ್ನು ತಿಂದು, “ಸೊಗಸಾಗೈತೆ ಅಣ್ಣಾ, ನೀನು ಕೂತ್ಕೊ” ಎಂದರು. ಮೂರು ವರ್ಷದಿಂದ ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ಹಿತ್ತಿಲ ಮನೆಯವನು ತಾನಾಗಿ ಬಂದು ಬೇಲಿಯನ್ನು ತನ್ನ ಕಡೆಗೇ ಒಂದು ಮಾರು ಸರಿಸಿ ಕಣ್ಣೊರೆಸಿಕೊಂಡು ಹೋದ. ದಲಿಯಾ ಅವನಿಗೆ ಇಷ್ಟವಾದ ಹಾವುಮೀನಿನ ಸಾರು ದಿನ ಬಿಟ್ಟು ದಿನ ಮಾಡಿದಳು. ವಂಗ್ಸರೆಜ ಅರ್ಧ ಬಿಡುವಾಗ ಕರುಳು ಹಿಂಡಿದಂತಾದರೂ ಬಿಟ್ಟ.

‘ನೋಡು,’ ಎಂದುಕೊಂಡ. ‘ಒಂದು ಸ್ವರ ತಿದ್ದಿಕೊಂಡದ್ದಕ್ಕೆ ಎಷ್ಟು ಗೌರವ! ಎಲ್ಲ ಸ್ವರ ತಿದ್ದಿದರೆ ಇನ್ನೆಷ್ಟು!’

ಅಲ್ಲಿಂದ ಅವನಿಗೆ ‘ಒ’ಕಾರ ತಲೆಗೇರಿತು. ಸೋಲೊದವರು ‘ಅ’ ಎಂದೇ ಅನ್ನುವ ಮಾತುಗಳೂ ಬೇಕಾದಷ್ಟಿವೆ, ಅದಕ್ಕೊಂದು ಲೆಕ್ಕವಿದೆ. ಆ ಲೆಕ್ಕ ಇವನಿಗೆ ಗೊತ್ತಿರಲಿಲ್ಲ. ಸುಣ್ಣ ಉಳಿಯಿತೆಂದು ಕೋಳಿಗೂಡಿಗೂ ಬಳಿಯುವವನ ಹಾಗೆ ಕಂಡಲ್ಲೆಲ್ಲ ‘ಒ’ ಬಳಿದ. ಬಾನ್ಯುಮಾಸ್ ಬೊನ್ಯುಮೊಸ್ ಆಯಿತು. ಮೆಂದೊವಾನ್ ಮೆಂದೊವೊನ್ ಆಯಿತು. ಮದುವೆಯ ಮಾತನ್ನು ಅಂಗಡಿಯ ಹಿಂದೆ ಬಾಳೆಗಿಡಗಳ ಮುಂದೆ ನಿಂತು, “ಬೀಗೊರೆ, ದೊಯೊಮೊಡಿಸಿ, ನೊಮ್ಮೊ ಬೊಡೊ ಮೊನೆಗೆ” ಎಂದು ದಿನವೂ ಒಪ್ಪಿಸುತ್ತಿದ್ದ.

ಹೀಗಿರುವಾಗ ಲೂರಾ ಬಂದ. ಲೂರಾ ಎಂದರೆ ಊರಿನ ಮುಖ್ಯಸ್ಥ. ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅವನಿಗಿದ್ದ ಹೆಸರು ತಾಲೂಕಿಗೆಲ್ಲ ಗೊತ್ತಿತ್ತು.

“ಸಿನಿ ಮದುವೆ ಬಿರ್ನೆ ಮುಗಿಸ್ಬುಟ್ರೆ ಹೆಂಗಪ್ಪಾ?” ಎಂದ ಲೂರಾ, ಸೂರಿನ ಕಡೆ ನೋಡುತ್ತ.

“ಬೆಸಾರ್ ತಿಂಗಳಿಗೇ ಅಂತ ಮಾತಾಗಿದೆ ಯೊಜಮೊನ್ರೆ. ಅದೇ ಒಳ್ಳೇ ತಿಂಗಳು.”

“ಒಳ್ಳೇ ತಿಂಗ್ಳು ಬರೋಗಂಟ ಕಾಯೋ ಭಾಗ್ಯ ಎಲ್ರಿಗೂ ಇರಾಕಿಲ್ಲ.”

“ನೀವು ಅವಸರ ಮಾಡಬೇಡಿ. ನಾನು ಆ ದಿನಕ್ಕೆ ಇನ್ನೂ ತಯಾರಾಗ್ತಾ ಇದೀನಿ.”

ಲೂರಾ ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡ. “ಎಂಥಾ ಎದೆಗಾರಿಕೆ ನಿಂದು! ನೀನೇನೂ ಯೋಚ್ನೆ ಮಾಡ್ಬ್ಯಾಡ. ಹೊಸ ಬಿದಿರು ಕಡಿಸಿವ್ನಿ. ಊರಿನ ಹಳೇದು ಹೆಗಲ ಮೇಲೆ ಒಂದ್ ಕಡೆ ವಾಲ್ತಾ ಇತ್ತು.”

ಮದುವೆಯ ಚಪ್ಪರಕ್ಕೆ ಇಷ್ಟು ಮೊದಲೇ ಬಿದಿರು ಕಡಿಸಿದ ಲೂರಾನ ಮೇಲೆ ವಂಗ್ಸರೆಜನಿಗೆ ಬಹಳ ಪ್ರೀತಿ ಬಂತು. “ಗಟ್ಟಿಯಾಗಿರಲಿ. ಮಕ್ಕಳು ಮರಿ ಹತ್ತಿ ಕುಣೀತಾವೆ.”

ಲೂರಾ ಎದ್ದು ಹೋದ. ಕಾಯಿಲೆ ಬುದ್ಧಿಗೂ ಹತ್ತಿದೆ ಎಂದು ಆ ಸಂಜೆ ಊರಿಗೆ ತಿಳಿಯಿತು.

ಸುಗೆಂಗ್ ಪೇಟೆಯಿಂದ ಬಂದವನು ಮೊದಲು ಇದನ್ನು ನಂಬಲಿಲ್ಲ. ಅವನು ಸೋಲೊದವನು, ಓದಿದವನು, ‘ವೊಂಗ್ಸೊರೆಜೊ’ ಎಂದರೆ ಕಾಯಿಲೆಯಲ್ಲ ಎಂದು ಬಲ್ಲವನು. ಮಾವನನ್ನು ಕಂಡು ಮಾತಾಡಿಸಲು ನಗುತ್ತಲೇ ಅಂಗಡಿಗೆ ಹೋದ.

“ಬೊ, ಸುಗೆಂಗ್,” ಎಂದ ಮಾವ ಕ್ಷೀಣವಾಗಿ. “ಬೊನ್ಯುಮೊಸಿನ ಮೆಂದೊವೊನ್ ತಿನ್ನು.”

ಸುಗೆಂಗನ ನಗು ಹಾರಿಹೋಯಿತು. ಬೊನ್ಯುಮೊಸ್ ಎಂದು ಸೋಲೊದಲ್ಲೂ ಅನ್ನುವುದಿಲ್ಲ, ಭೂಮಿಯ ಮೇಲೆ ಎಲ್ಲೂ ಅನ್ನುವುದಿಲ್ಲ. ಇದು ನಾಲಿಗೆಗೆ ಲಕ್ವ ಹೊಡೆದ ಗುರುತು. ಅವನು ಮೆಂದೊವಾನನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿ ನೇರ ಸೋಲೊಗೆ ಹೋಗಿ ಅಪ್ಪನ ಕಾಲಿಗೆ ಬಿದ್ದ.

ಹೆಣ್ಣಿನ ತಂದೆ ಮದುವೆಗೆ ಮುಂಚೆ ತೀರಿಕೊಂಡರೆ ಎರಡೇ ದಾರಿ. ಹೆಣ ಮನೆಯಲ್ಲಿರುವಾಗಲೇ ಅದರ ಮುಂದೆ ಮದುವೆ ಮಾಡಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಕಾಯಬೇಕು. ಗುಡ್ಡ ಕುಸಿದ ಮನೆ ಎನ್ನುತ್ತಾರೆ ಅದನ್ನು. ಹರ್ಜೊಪ್ರನೊತೊ ಮಾತು ಕೊಟ್ಟ ಮನುಷ್ಯರು, ಗುಡ್ಡ ಕುಸಿಯುವ ಮೊದಲೇ ಮುಗಿಸೋಣ ಎಂದರು. ಬಾಡಿಗೆಯ ವ್ಯಾನಿನಲ್ಲಿ ಮದುಮಕ್ಕಳ ಬಟ್ಟೆಯ ಪೆಟ್ಟಿಗೆ, ಸುಗೆಂಗ್, ಹೆಣ್ಣನ್ನು ಸಿಂಗರಿಸಬಲ್ಲ ಅವನ ದೊಡ್ಡತ್ತೆ, ಇನ್ನು ಅಳಬಲ್ಲ ಕೆಲವು ಹೆಂಗಸರು, ಇಷ್ಟು ಹೇರಿಕೊಂಡು ಹೊರಟರು.

ಅದೇ ದಿನ ಇತ್ತ ದಲಿಯಾಳೂ ಗಟ್ಟಿ ಮನಸ್ಸು ಮಾಡಿದ್ದಳು. ಗಂಡ ಒಪ್ಪಲಿ ಬಿಡಲಿ, ಹೆಸರಿನ ಗಂಜಿ ಕಾಯಿಸುವುದೇ ಎಂದು ರಸೆಮಕ್ಕನನ್ನು ಕೂಡಿಕೊಂಡು ಹಿತ್ತಿಲಿನಲ್ಲಿ ಎರಡು ಹಂಡೆ ಒಲೆಗಿಟ್ಟಳು. ಕಾಯಿಮ್, ಲೂರಾ, ನಯ, ನೆರೆಯವರು ಬಂದು ಚಾಪೆ ಹಿಡಿದು ಕೂತರು. ವ್ಯಾನು ಬಂದು ನಿಂತದ್ದೇ ವಂಗ್ಸರೆಜ, ಬೀಗರು ಬರುವ ಸುದ್ದಿ ಹೇಗೋ ಮುಟ್ಟಿಯೇ ಈ ಜನ ಸೇರಿದ್ದಾರೆ ಎಂದುಕೊಂಡು ಹಿಗ್ಗಿ ಬಾಗಿಲಿಗೆ ಬಂದ. ಕಲಿತದ್ದನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಮೆಲ್ಲಗೆ ನಡೆದ, ಸೊಂಟ ಬಗ್ಗಿಸಿದ, ತುಟಿ ಕೂಡಿಸಿದ.

“ಬೀಗೊರೆ... ದೊಯೊಮೊಡಿಸಿ... ನೊಮ್ಮೊ ಬೊಡೊ ಮೊನೆಗೆ...”

ದೊಡ್ಡತ್ತೆ ವ್ಯಾನಿನ ಬಾಗಿಲಲ್ಲೇ ಎದೆ ಹಿಡಿದುಕೊಂಡಳು. “ಅಯ್ಯೋ ದೇವರೆ, ನಾಲಿಗೆ ಪೂರ್ತಿ ಬಿದ್ದುಹೋಗಿದೆಯಲ್ಲ!”

“ಬೀಗರೆ, ತಾವು ಆಯಾಸ ಮಾಡಿಕೊಳ್ಳಬಾರದು,” ಎಂದು ಹರ್ಜೊಪ್ರನೊತೊ ಅವನ ತೋಳು ಹಿಡಿದರು. “ದಯವಿಟ್ಟು ಮಾತೇ ಆಡಬೇಡಿ. ಇವತ್ತೇ ಎಲ್ಲಾ ಮುಗಿಸಿಬಿಡೋಣ. ಮಗಳ ಮದುವೆ ಕಣ್ಣಾರೆ ನೋಡಿದ ಸಮಾಧಾನ ತಮಗಿರಲಿ.”

“ಇವೊತ್ತು? ಯೊಕೆ?”

“ಶ್!” ಎಂದರು ಎಲ್ಲರೂ. ನಾಲ್ಕು ಜನ ಹಿಡಿದು ಅವನನ್ನು ಬಿದಿರಿನ ಮಂಚದ ಮೇಲೆ ಮಲಗಿಸಿದರು. ಏಳಲು ನೋಡಿದರೆ ನಯ ಪ್ರೀತಿಯಿಂದ ಎದೆಯ ಮೇಲೆ ಕೈಯಿಟ್ಟು ಅದುಮಿದ. ದೋಣಿ ನಡೆಸುವ ಕೈ, ಸುಲಭವಾಗಿ ಜರುಗುವಂಥದ್ದಲ್ಲ. ಒಳಗೆ ಅಡಿಗೆಮನೆಯಲ್ಲಿ ದೊಡ್ಡತ್ತೆ ತುರ್ಸಿನಿಯ ಹಣೆಗೆ ಮದುಮಗಳ ಕಪ್ಪು ಬರೆಯಲು ಶುರುಮಾಡಿದಳು. ತುರ್ಸಿನಿಯ ಕಣ್ಣೀರು ಹರಿದು ಕಪ್ಪು ನಿಲ್ಲುತ್ತಿರಲಿಲ್ಲ.

ಕಾಯಿಮ್ ಮಂಚದ ಪಕ್ಕಕ್ಕೆ ಸರಿದು ಬಂದು ಕೂತ. “ನೋಡಪ್ಪಾ, ಮಗಳನ್ನ ಕೊಡೋನ ಹೆಸ್ರು ಒಂದೇ ಇರ್ಬೇಕು. ಹಳೇದಾ, ಹೊಸದಾ, ಹೇಳ್ಬುಡು. ಆಮೇಲೆ ಮಣ್ಣಾಗೆ ದೇವದೂತ್ರು ಬಂದು ನೀನ್ಯಾರು ಅಂತ ಕೇಳಿದಾಗ ಎಲ್ಡೆಲ್ಡು ಹೆಸ್ರು ಹೇಳ್ಕಂಡು ಕೂತ್ರೆ ಅವ್ರಿಗೂ ತೊಂದ್ರೆ.”

“ಮಣ್ಣಾಗೆ? ಯೊರು ಸೊಯೋದು?”

“ಯಾರೂ ಇಲ್ಲ, ಯಾರೂ ಇಲ್ಲ,” ಎಂದಿತು ಇಡೀ ಮನೆ.

ದಲಿಯಾ ತಡೆದುಕೊಳ್ಳಲಾರದೆ ಹಂಡೆಯ ಸೌಟು ಹಿಡಿದುಕೊಂಡೇ ಓಡಿಬಂದಳು. “ನೀನೇ! ನೀನೇ ಕಣೋ, ಸಿನಿ ಅಪ್ಪಾ! ಇನ್ನೂ ಎಷ್ಟ್ ದಿನ ಮುಚ್ಚಿಡ್ತೀಯ? ಊರ್ಗೆಲ್ಲ ಗೊತ್ತು!”

ವಂಗ್ಸರೆಜ ಮಲಗಿದಲ್ಲೇ ಒಂದು ಗಳಿಗೆ ಸೂರು ನೋಡಿದ. ಕಷಾಯ, ಬೇಲಿ, ಹಾವುಮೀನು, ಬಿದಿರು ಒಂದೊಂದಾಗಿ ಅವನ ತಲೆಯೊಳಗೆ ಬಂದು ಸಾಲಾಗಿ ಕೂತವು. ಬಿದಿರಿನ ಮೇಲೆ ಮಕ್ಕಳು ಕುಣಿಯುತ್ತಿದ್ದವು. ಆಮೇಲೆ ಅವನು ನಯನ ಕೈಯನ್ನು ಎತ್ತಿ ಎಸೆದು, ಎದ್ದು ನಿಂತು, ಅಷ್ಟು ದಿನ ಮುಚ್ಚಿಟ್ಟಿದ್ದ ಬಾಯಿಯನ್ನು ಕಿವಿಯಿಂದ ಕಿವಿಗೆ ತೆರೆದ.

“ನಾ ಸಾಯಾಕಿಲ್ಲಾ! ನಂಗ್ಯಾವ ಕಾಯ್ಲೆನೂ ಇಲ್ಲಾ! ನಾನು ವಂಗ್ಸರೆಜಾ!”

ಹಿತ್ತಿಲಿನ ಕೋಳಿಗಳು ಎದ್ದು ಬೇಲಿ ಹಾರಿದವು. ಸೋಲೊದಿಂದ ಬಂದಿದ್ದ ಒಬ್ಬ ಹೆಂಗಸು ತಾನಾಗಿ ಕುಸಿದು ಕೂತಳು.

“ಇದು ಕಾಯಿಲೆಯವರ ದನಿ ಅಲ್ಲ,” ಎಂದಳು ದೊಡ್ಡತ್ತೆ ಅಡಿಗೆಮನೆಯ ಬಾಗಿಲಿಂದ, ಬ್ರಷ್ಷು ಹಿಡಿದುಕೊಂಡು.

“ಅಂಗಾದ್ರೆ ಬಾಯಾಗೆ ಹುಣ್ಣಿಲ್ವಾ?” ಎಂದಳು ರಸೆಮಕ್ಕ.

“ಇಲ್ಲ!”

“ನನ್ ಕಷಾಯ ಅಷ್ಟೂ ಕುಡಿದ್ಯಲ್ಲ!”

“ಗೌರವುಕ್ಕೆ ಕೊಡ್ತಿದೀಯ ಅಂತ ಕುಡ್ದೆ ಕಣಕ್ಕಾ!”

“ಯಾವ ಗೌರವ? ನಿಂಗ್ಯಾಕೆ ಗೌರವ?”

ಎಲ್ಲರೂ ಒಟ್ಟಿಗೆ ಕೇಳತೊಡಗಿದಾಗ ವಂಗ್ಸರೆಜ ನಡೆದದ್ದನ್ನು ಇದ್ದ ಹಾಗೆ ಹೇಳಿದ. “ಮದುವೆ ದಿನ ನಾ ಬಾಯಿ ತೆರೆದ್ರೆ ಇವ್ರ ಕಡೆ ಹೆಂಗಸ್ರು ಕಿಸಕ್ಕಂತಾರೆ. ಅವ್ರು ನಕ್ಕಂಡು ಮರೀತಾರೆ, ನನ್ ಮಗಳು ಅಲ್ಲೇ ಬಾಳ್ಬೇಕಲ್ಲ.” ಸೋಲೊದ ಹೆಂಗಸರು ನೆಲ ನೋಡಿದರು.

“ತಾವು ಕ್ಷೇಮವಾಗಿರೋದು ನಮ್ಮ ಪುಣ್ಯ,” ಎಂದರು ಹರ್ಜೊಪ್ರನೊತೊ. “ಆದರೆ ತಾವು ಸಾಯುತ್ತಿಲ್ಲ ಅಂದಮೇಲೆ ಇವತ್ತು ಮದುವೆ ಆಗುವ ಹಾಗಿಲ್ಲ. ಈ ತಿಂಗಳು ಮದುವೆಗೆ ಆಗಿಬರುವುದಿಲ್ಲ. ತಾವು ಹೋಗುವ ಹಾಗಿದ್ದರೆ ಮಾತ್ರ ಅನುಕೂಲವಿತ್ತು.”

“ತಪ್ಪಾಯ್ತು ಬೀಗ್ರೆ,” ಎಂದ ವಂಗ್ಸರೆಜ, ಮನಸ್ಸಿನಿಂದಲೇ.

ಹೀಗೆ ಎಲ್ಲವೂ ಬೆಸಾರ್ ತಿಂಗಳಿಗೆ ಹೋಗಿ ತಣ್ಣಗಾಗುತ್ತಿತ್ತೋ ಏನೋ. ಆದರೆ ಕಾಯಿಮ್ ಚಾಪೆಯಿಂದ ಏಳಲಿಲ್ಲ. ಹಿತ್ತಿಲಿನ ಕಡೆ ಮೂಗೆತ್ತಿ, “ಗಂಜಿ ಆಗದೆ,” ಎಂದ.

“ಆಗ್ಲಿ, ತಿನ್ನಾನ,” ಎಂದ ನಯ.

“ತಿನ್ನಾದು ಹೆಂಗೆ? ಹೆಸ್ರಿಗೆ ಅಂತ ಕಾಯ್ಸಿರೋ ಗಂಜಿ. ಹೆಸ್ರಿಡ್ದೆ ಬಾಯ್ಗಿಟ್ರೆ ನಾನು ಜವಾಬ್ದಾರ ಅಲ್ಲ. ಇಲ್ಲಿ ಯಾರ್ಗಾದ್ರೂ ಒಂದ್ ಹೆಸ್ರು ಇಡ್ಲೇಬೇಕು.”

ಕೂತವರೆಲ್ಲ ಒಂದು ಗೇಣು ಹಿಂದಕ್ಕೆ ಸರಿದರು. ಸರಿಯದೆ ಉಳಿದವನು ಸುಗೆಂಗ್ ಒಬ್ಬನೇ. ಮದುವೆಯಾಗುವ ಗಂಡಿಗೆ ಹುಟ್ಟುಹೆಸರು ಬಿಟ್ಟು ಸಂಸಾರದ ಹೆಸರೊಂದು ಬರಬೇಕಾದದ್ದು ಹೇಗೂ ಇದ್ದೇ ಇದೆ, ಸ್ವಲ್ಪ ಮುಂಚೆ ಬಂದರೆ ತಪ್ಪೇನು ಎಂದ ಲೂರಾ. ಎರಡು ಮನೆಯಿಂದಲೂ ಅರ್ಧರ್ಧ ಹೆಸರು ತೆಗೆದು ಜೋಡಿಸೋಣ ಎಂದಾಗ ಬೀಗರಿಬ್ಬರ ಮುಖವೂ ಅರಳಿತು. ಕಾಯಿಮ್ ಎರಡು ಬಣ್ಣದ ಗಂಜಿಯನ್ನು ಮುಂದಿಟ್ಟುಕೊಂಡು ಸಾರಿದ:

“ಇವತ್ತಿನಿಂದ ಈ ಹುಡುಗ ವಂಗ್ಸಪ್ರನತ!”

“ವೊಂಗ್ಸೊಪ್ರನೊತೊ,” ಎಂದು ಹರ್ಜೊಪ್ರನೊತೊ ನಸುನಗುತ್ತ ತಿದ್ದಿದರು.

“ವಂಗ್ಸಪ್ರನತ!” ಎಂದ ವಂಗ್ಸರೆಜ. ‘ಒ’ಗಾಗಿ ಊಟ ಬಿಟ್ಟವನಿಗೆ ಈಗಷ್ಟೇ ತನ್ನ ‘ಅ’ ಕೈಗೆ ಸಿಕ್ಕಿತ್ತು, ಅದನ್ನು ಇಷ್ಟು ಬೇಗ ಬಿಟ್ಟುಕೊಡುವ ಮನಸ್ಸಿರಲಿಲ್ಲ.

“ಹುಡುಗ ಸೋಲೊದವನು, ಬೀಗರೆ.”

“ಹೆಸ್ರು ಹುಟ್ತಿರೋದು ಬಾನ್ಯುಮಾಸ್‌ನಾಗೆ, ಬೀಗ್ರೆ. ಗಂಜಿ ನಮ್ದು.”

“ತಾವು ಹೇಳಿದ್ದು ಬಹಳ ಸರಿ,” ಎಂದರು ಹರ್ಜೊಪ್ರನೊತೊ ಇನ್ನೂ ಮೆಲ್ಲಗೆ, ಇನ್ನೂ ಮರ್ಯಾದೆಯಿಂದ. ಸೋಲೊದವರ ಕೋಪ ಹೀಗೆಯೇ, ಏರಿದಷ್ಟೂ ದನಿ ಇಳಿಯುತ್ತದೆ. ಅದನ್ನು ಬಲ್ಲ ದೊಡ್ಡತ್ತೆ ಬಂದು ಮದುವೆಯ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಪೆಟ್ಟಿಗೆಗೆ ಇಡತೊಡಗಿದಳು. ದಲಿಯಾ ಅದನ್ನು ನೋಡಿ ಬಿಳುಚಿಕೊಂಡಳು.

“ಮುಂದಿನರ್ಧ ನಮ್ದು, ಹಿಂದಿನರ್ಧ ನಿಮ್ದು ಮಾಡ್ಕಳಿ,” ಎಂದು ಲೂರಾ ರಾಜಿಗೆ ಬಂದ. “ವಂಗ್ಸಪ್ರನೊತೊ.”

“ನಡುಮಧ್ಯ ಮುರ್ದು ನೀರು ಬರೋ ದೋಣಿ ಇದ್ದಂಗೈತೆ,” ಎಂದ ನಯ.

ಸುಗೆಂಗ್ ಧೈರ್ಯ ಮಾಡಿ, “ಬಾಯಿ ಎಷ್ಟು ತೆರೀತೀವಿ, ನಾಲಿಗೆ ಎಲ್ಲಿ ಇಡ್ತೀವಿ, ಇದು ಊರಿಂದ ಊರಿಗೆ ಅಷ್ಟಷ್ಟೇ ಜಾರ್ತಾ ಹೋಗುತ್ತೆ. ಇದರಲ್ಲಿ ಯಾರದೂ ತಪ್ಪಿಲ್ಲ...” ಎಂದು ಆರಂಭಿಸಿದ.

“ನೀನು ಸುಮ್ಮನಿರಪ್ಪ,” ಎಂದರು ಇಬ್ಬರು ಬೀಗರೂ ಒಂದೇ ಉಸಿರಿಗೆ. “ನಿನ್ನ ಹೆಸರಿನ ವಿಷಯ ಮಾತಾಡ್ತಿರೋದು, ನಿನ್ನ ವಿಷಯ ಅಲ್ಲ.”

ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದಾಯಿತು. ಆಗ ಅಡಿಗೆಮನೆಯಿಂದ ತುರ್ಸಿನಿ ಹೊರಗೆ ಬಂದಳು. ಅರ್ಧ ಹಣೆಗೆ ಕಪ್ಪು ಬರೆದಿತ್ತು, ಅರ್ಧ ಖಾಲಿ. ಕೂದಲು ಒಂದು ಕಡೆ ತುರುಬು, ಒಂದು ಕಡೆ ಬಿಚ್ಚು.

“ಅಪ್ಪಾ, ಈ ಹೆಸ್ರನ್ನ ದಿನಾ ಕರೆಯೋರು ಯಾರು?”

ಅವಳು ಬಿಚ್ಚಿದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದಳು.

“ಇವ್ರ ಜೊತೆ ಬಾಳೋಳು ನಾನಲ್ವಾ? ನಾನಂತೂ ಯಾವತ್ತೂ ಹೆಸ್ರಿಡ್ದು ಕರೆಯಾಕಿಲ್ಲ. ‘ಮಾಸ್’ ಅಂತೀನಿ, ಅಷ್ಟೇ. ನೀವು ಏನಾರ ಮಾಡ್ಕಳಿ.”

ಮಾಸ್ ಎಂದರೆ ಅಣ್ಣ. ಹೆಂಡತಿ ಗಂಡನನ್ನು ಕರೆಯುವುದೂ ಅದೇ ಮಾತಿನಿಂದ. ಗೌರವವೂ ಆಯಿತು, ಸಲಿಗೆಯೂ ಆಯಿತು.

“ಮಾಸ್,” ಎಂದು ವಂಗ್ಸರೆಜ ಅಂದು ನೋಡಿದ.

“ಮಾಸ್,” ಎಂದರು ಹರ್ಜೊಪ್ರನೊತೊ, ಕಿವಿಗೊಟ್ಟು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನೊಮ್ಮೆ ಅಂದರು. ಎಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ದೊಡ್ಡತ್ತೆ ಪೆಟ್ಟಿಗೆಯ ಮುಚ್ಚಳವನ್ನು ಅರ್ಧ ಎತ್ತಿ ಹಿಡಿದು, “ಮಾಸ್?” ಎಂದು ಪರೀಕ್ಷಿಸಿದಳು. ಅದೂ ಹಾಗೆಯೇ ಬಂತು.

ತುರ್ಸಿನಿ ಹುಡುಗನ ಕಡೆ ತಿರುಗಿದಳು. “ಮಾಸ್.”

“ಆಂ?” ಎಂದ ಸುಗೆಂಗ್ ತಟ್ಟನೆ.

“ಕರೆದಾಯ್ತು, ಓಗೊಟ್ಟಾಯ್ತು,” ಎಂದ ಕಾಯಿಮ್. “ಹೆಸ್ರು ನಿಂತ್ಕತು.” ಆ ಮೂಲೆಯಲ್ಲಿ ನಯ ತಾನೂ ಒಮ್ಮೆ ಅಂದು ನೋಡೋಣ ಎಂದು ಬಾಯಿ ತೆರೆಯುತ್ತಿದ್ದ. ಅವನ ಬಾಯಿಂದ ಇನ್ನೊಂದು ಬಗೆ ಹೊರಡುವ ಮೊದಲೇ ಕಾಯಿಮ್ ಎರಡೂ ಕೈ ಎತ್ತಿ, ಗಂಜಿಯ ಮೇಲಿನ ಪ್ರಾರ್ಥನೆಯನ್ನು ಉಸಿರು ಬಿಡದೆ ಆರಂಭಿಸಿಬಿಟ್ಟ.